ಹಳೆ ಕಂಪ್ಯೂಟರ್‌ಗೆ ಬರುವ ಮೇಲ್ ಹೊಸದಕ್ಕೆ ಯಾಕೆ ಬರುತ್ತಿಲ್ಲ?

ಪ್ರಶ್ನೆ: ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮದು ಪಂಪ್‌ಸೆಟ್ ಬಿಡಿಭಾಗಗಳ ಸಗಟು ಅಂಗಡಿ. ವಿಂಡೋಸ್ 7 ಇದ್ದ ಕಂಪ್ಯೂಟರ್‌ನಲ್ಲಿ ಹನ್ನೆರಡು ವರ್ಷದಿಂದ ಮೇಲ್‌ಗೆ ಔಟ್‌ಲುಕ್ 2007 ಬಳಸುತ್ತಿದ್ದೆವು. ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ವಿಂಡೋಸ್ 11 ಡೆಸ್ಕ್‌ಟಾಪ್ ತಂದು ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ ಹಾಕಿಸಿದ್ದೇವೆ. ಹಳೆಯದನ್ನು ಒಳಕೋಣೆಯಲ್ಲಿ ಟ್ಯಾಲಿಗೆಂದು ಇಟ್ಟುಕೊಂಡಿದ್ದೇವೆ. ಅಂಗಡಿ ಹೆಸರಿನ ಸ್ವಂತ ಡೊಮೇನ್ ವಿಳಾಸದಿಂದ ಮೇಲ್ ಹೋಗುತ್ತದೆ, ಬರುವುದೇ ಇಲ್ಲ. ಒಮ್ಮೆ ‘ಹೊಸ ಮೆಸೇಜ್ ಇಲ್ಲ’ ಎನ್ನುತ್ತದೆ, ಒಮ್ಮೆ ‘ಮೇಲ್‌ಬಾಕ್ಸ್ ಲಾಕ್ ಆಗಿದೆ’ ಎನ್ನುತ್ತದೆ. ಕೊಯಮತ್ತೂರಿನಿಂದ ಬಂದ ರೇಟ್ ಲಿಸ್ಟ್ ಹಳೆಯದರಲ್ಲಿ ಸಿಕ್ಕಿತು, ಹೊಸದರಲ್ಲಿಲ್ಲ. ಪಾಸ್‌ವರ್ಡ್ ಎರಡರಲ್ಲೂ ಒಂದೇ. ಬೆಳಿಗ್ಗೆ ಅಂಗಡಿ ತೆಗೆದಾಗ ಸರ್ಟಿಫಿಕೇಟ್ ಸರಿಯಿಲ್ಲ ಎಂಬ ಕಿಟಕಿ ಬರುತ್ತದೆ. ಅರ್ಧ ಗಂಟೆಯಾದರೆ ತಾನೇ ಸುಮ್ಮನಾಗುತ್ತದೆ. ಜಿಮೇಲ್ ಅಂತೂ ಹಳೆಯದರಲ್ಲೂ 2022ರಿಂದ ನಿಂತಿದೆ, ಹೊಸದರಲ್ಲೂ ಪಾಸ್‌ವರ್ಡ್ ತಪ್ಪು ಎನ್ನುತ್ತದೆ. ಬ್ರೌಸರ್‌ನಲ್ಲಿ ಅದೇ ಪಾಸ್‌ವರ್ಡ್ ನಡೆಯುತ್ತದೆ! ಇಂಟರ್ನೆಟ್ ಲೈನ್‌ನವರು ತಡೆದಿದ್ದಾರೆ ಎಂದು ಒಬ್ಬರು, ಫಾರ್ಮ್ಯಾಟ್ ಮಾಡಿಸಿ ಎಂದು ಇನ್ನೊಬ್ಬರು. ಅಣ್ಣನ ಮಗ ಟಿಎಲ್‌ಎಸ್ ಎಂಬುದನ್ನು 3ರಿಂದ 1ಕ್ಕೆ ಇಳಿಸೋಣ ಎನ್ನುತ್ತಾನೆ. ಹಳೆ ಸಿಸ್ಟಮ್ ಎಕ್ಸ್‌ಚೇಂಜ್‌ಗೆ ಕೊಟ್ಟರೆ ಹಳೆ ಮೇಲ್‌ಗಳು ಹೋಗುತ್ತವೆಯೇ? ಏನು ಮಾಡಲಿ?

ಉತ್ತರ: ಒಂದಕ್ಕೊಂದು ಸಂಬಂಧವಿಲ್ಲದ ಮೂರು ತೊಂದರೆಗಳು ನಿಮ್ಮಲ್ಲಿ ಒಟ್ಟಿಗೆ ಬಂದು ಕೂತಿವೆ. ಅದಕ್ಕೇ ಇದು ಕಗ್ಗಂಟಾಗಿ ಕಾಣುತ್ತಿದೆ. ಥಂಡರ್‌ಬರ್ಡ್ ಕೆಟ್ಟಿಲ್ಲ, ಲೈನೂ ಕೆಟ್ಟಿಲ್ಲ. ಅಂಗಡಿ ವಿಳಾಸದ ಮೇಲ್‌ಗಳನ್ನು ನಿಮ್ಮದೇ ಹಳೆ ಕಂಪ್ಯೂಟರ್ ಎತ್ತಿಕೊಂಡು ಹೋಗುತ್ತಿದೆ. ಬೆಳಗಿನ ಸರ್ಟಿಫಿಕೇಟ್ ಕಿಟಕಿಗೆ ಕಾರಣ ಬಹುಮಟ್ಟಿಗೆ ಹೊಸ ಡೆಸ್ಕ್‌ಟಾಪ್‌ನೊಳಗಿನ ಒಂದು ನಾಣ್ಯದಷ್ಟು ಸೆಲ್. ಜಿಮೇಲ್‌ನದು ಗೂಗಲ್ ಬದಲಿಸಿದ ನಿಯಮ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಏಕೆಂದರೆ ಅದರಲ್ಲಿ ತಪ್ಪಿದರೆ ಉಳಿದದ್ದನ್ನು ಸರಿಮಾಡಿ ಪ್ರಯೋಜನವಿಲ್ಲ. ಹಳೆ ಸಿಸ್ಟಮ್ ಸದ್ಯಕ್ಕೆ ಎಲ್ಲಿಗೂ ಕೊಡಬೇಡಿ. ಹನ್ನೆರಡು ವರ್ಷದ ಮೇಲ್ ಇರುವುದು ಆ ಹಾರ್ಡ್ ಡಿಸ್ಕ್‌ನಲ್ಲಿ ಮಾತ್ರ. ಸರ್ವರ್‌ನಲ್ಲಿ ಅದರ ಪ್ರತಿ ಇರುವ ಸಂಭವ ತೀರಾ ಕಡಿಮೆ. ಔಟ್‌ಲುಕ್ 2007ರಲ್ಲಿ ಫೈಲ್ ಮೆನುವಿನ ‘ಡೇಟಾ ಫೈಲ್ ಮ್ಯಾನೇಜ್‌ಮೆಂಟ್’ ತೆರೆದು ‘ಓಪನ್ ಫೋಲ್ಡರ್’ ಒತ್ತಿ. ಪಿಎಸ್‌ಟಿ ಎಂದು ಕೊನೆಯಾಗುವ ಫೈಲ್ ಕಾಣುತ್ತದೆ, ಮೇಲ್‌ಗಳಿರುವುದು ಅದರಲ್ಲೇ. ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲವೂ ಬೇಕು. ‘ಆರ್ಕೈವ್’ ಹೆಸರಿನದನ್ನು ಬಿಟ್ಟು ಆಮೇಲೆ ಪರದಾಡುವವರೇ ಹೆಚ್ಚು. ಔಟ್‌ಲುಕ್ ಪೂರ್ತಿ ಮುಚ್ಚಿದ ಮೇಲೆ ಕಾಪಿ ಮಾಡಿ, ತೆರೆದಿದ್ದರೆ ಫೈಲ್ ಬಳಕೆಯಲ್ಲಿದೆ ಎಂದು ತಕರಾರು ಮಾಡುತ್ತದೆ. ಪೆನ್‌ಡ್ರೈವ್‌ನಲ್ಲಿ ಜಾಗ ಇದ್ದೂ ಫೈಲ್ ದೊಡ್ಡದಾಯಿತು ಎಂದರೆ ಅದು ಫ್ಯಾಟ್32 ಮಾದರಿಯದು. 4 ಜಿಬಿ ಮೀರಿದ ಒಂದೇ ಫೈಲನ್ನು ಅದು ಹಿಡಿಸಿಕೊಳ್ಳುವುದಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಫಾರ್ಮ್ಯಾಟ್ ಮಾಡಬೇಕಾದದ್ದು ಪೆನ್‌ಡ್ರೈವನ್ನು, ಕಂಪ್ಯೂಟರನ್ನಲ್ಲ.

ಈಗ ಅಂಗಡಿ ವಿಳಾಸದ ವಿಷಯ. ನೀವು ಬಳಸುತ್ತಿರುವುದು ಪಾಪ್ ಎಂಬ ಪದ್ಧತಿ, 1996ರಲ್ಲಿ ಅಂತಿಮಗೊಂಡ ನಿಯಮಗಳ ಮೇಲೆ ಇಂದಿಗೂ ನಡೆಯುವಂಥದ್ದು. ಅಂಚೆ ಕಚೇರಿಯ ಪೋಸ್ಟ್ ಬಾಕ್ಸ್‌ನಂತೆ ಇದು: ಬೀಗದ ಕೈ ಇಬ್ಬರ ಹತ್ತಿರ ಇದ್ದರೂ, ಮೊದಲು ಹೋದವನು ಕಾಗದಗಳನ್ನೆಲ್ಲ ಎತ್ತಿಕೊಂಡು ಬರುತ್ತಾನೆ, ಆಮೇಲೆ ಹೋದವನಿಗೆ ಖಾಲಿ ಪೆಟ್ಟಿಗೆ. ಔಟ್‌ಲುಕ್ 2007 ತಾನಾಗಿ ಬರುವ ಸೆಟ್ಟಿಂಗ್‌ನಲ್ಲಿ ಮೇಲ್ ಇಳಿಸಿಕೊಂಡು ಸರ್ವರ್‌ನಲ್ಲಿದ್ದುದನ್ನು ಅಳಿಸುತ್ತದೆ. ಥಂಡರ್‌ಬರ್ಡ್ ಹಾಗಲ್ಲ, ಪ್ರತಿಯನ್ನು ಸರ್ವರ್‌ನಲ್ಲಿ ಬಿಡುತ್ತದೆ. ಒಳಕೋಣೆಯಲ್ಲಿ ಟ್ಯಾಲಿಗೆಂದು ಸಿಸ್ಟಮ್ ಹಚ್ಚಿದಾಗ ಔಟ್‌ಲುಕ್ ಕೂಡ ತೆರೆದು ಹಿಂದೆ ಕೂತಿರುತ್ತದೆ. ಗಳಿಗೆಗೊಮ್ಮೆ ಹೋಗಿ ಪೆಟ್ಟಿಗೆ ಬರಿದು ಮಾಡುತ್ತದೆ. ಹೊಸದು ಹೋಗಿ ನೋಡಿದಾಗ ಏನೂ ಇರುವುದಿಲ್ಲ, ‘ಹೊಸ ಮೆಸೇಜ್ ಇಲ್ಲ’ ಎನ್ನುತ್ತದೆ. ಅದು ದೋಷದ ಸೂಚನೆಯೇ ಅಲ್ಲ, ನಿಜ ಹೇಳುತ್ತಿದೆ.

‘ಲಾಕ್’ ಎಂಬ ಸೂಚನೆಯೂ ಇದೇ ಜಗಳದ್ದು. ಪಾಪ್‌ನಲ್ಲಿ ಒಬ್ಬರು ಒಳಗಿರುವಾಗ ಸರ್ವರ್ ಪೆಟ್ಟಿಗೆಗೆ ಬೀಗ ಹಾಕುತ್ತದೆ. ಸಂಪರ್ಕ ನಡುವೆ ಕಡಿದುಹೋದರೆ, ಕರೆಂಟ್ ಹೋಗಿಯೋ ರೂಟರ್ ಆರಿಯೋ, ಬೀಗ ಕೂಡಲೇ ತೆರೆಯುವುದಿಲ್ಲ. ಸುಮ್ಮನಿರುವ ಸಂಪರ್ಕವನ್ನು ಸರ್ವರ್ ಕನಿಷ್ಠ 10 ನಿಮಿಷ ಕಾಯಬೇಕೆಂದು ನಿಯಮದಲ್ಲೇ ಇದೆ. ಆ ಹೊತ್ತಿನಲ್ಲಿ ‘ಗೆಟ್ ಮೆಸೇಜಸ್’ ಮತ್ತೆ ಮತ್ತೆ ಒತ್ತಿದರೆ ಉಪಯೋಗವಿಲ್ಲ. ಎರಡೂ ಕಡೆ ಮುಚ್ಚಿ, ಕಾಲು ಗಂಟೆ ಬಿಟ್ಟು ಬನ್ನಿ.

ನನ್ನ ಮಾತು ನಂಬಬೇಕಿಲ್ಲ, ಪರೀಕ್ಷಿಸಿ. ಹಳೆಯದರಲ್ಲಿ ಔಟ್‌ಲುಕ್ ಮುಚ್ಚಿ. ಗಡಿಯಾರದ ಪಕ್ಕ ಅದರ ಚಿಹ್ನೆ ಉಳಿದಿದ್ದರೆ ಅದನ್ನೂ. ಬ್ರೌಸರ್‌ನಲ್ಲಿ ಜಿಮೇಲ್ ತೆರೆದು ಅಂಗಡಿ ವಿಳಾಸಕ್ಕೆ ಒಂದು ಸಾಲಿನ ಮೇಲ್ ಹಾಕಿ, ಐದು ನಿಮಿಷ ಬಿಟ್ಟು ಹೊಸದರಲ್ಲಿ ತರಿಸಿ. ಬಂದರೆ ರೋಗ ಸಿಕ್ಕಿತು. ಬರದಿದ್ದರೆ ಹೋಸ್ಟಿಂಗ್‌ನವರ, ಅಂದರೆ ನಿಮ್ಮ ಡೊಮೇನ್‌ನ ಮೇಲ್ ಸರ್ವರ್ ನಡೆಸುವವರ, ವೆಬ್‌ಮೇಲ್‌ನಲ್ಲಿ ಬ್ರೌಸರ್ ಮೂಲಕ ನೋಡಿ. ಅಲ್ಲೂ ಇಲ್ಲದಿದ್ದರೆ ತೊಂದರೆ ಸರ್ವರ್‌ನದು, ಅಥವಾ ಪೆಟ್ಟಿಗೆ ತುಂಬಿರಬೇಕು. ಅಲ್ಲಿದ್ದು ಇಲ್ಲಿಗೆ ಬರದಿದ್ದರೆ ಥಂಡರ್‌ಬರ್ಡ್‌ನ ಸರ್ವರ್ ಸೆಟ್ಟಿಂಗ್ಸ್ ನೋಡಬೇಕು: 995 ಪೋರ್ಟ್‌ಗೆ (ಪೋರ್ಟ್ ಎಂದರೆ ಸರ್ವರ್‌ನ ಬಾಗಿಲಿನ ಸಂಖ್ಯೆ) ‘ಎಸ್‌ಎಸ್‌ಎಲ್/ಟಿಎಲ್‌ಎಸ್’ ಜೋಡಿ, 110ಕ್ಕೆ ‘ಸ್ಟಾರ್ಟ್‌ಟಿಎಲ್‌ಎಸ್’. ಟಿಎಲ್‌ಎಸ್ ಎಂದರೆ ಮಾತುಕತೆಯನ್ನು ಗೂಢಭಾಷೆಯಲ್ಲಿ ನಡೆಸುವ ಪದ್ಧತಿ. 995ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಕೊಟ್ಟರೆ ಒಂದು ಕಡೆಯವರು ಗೂಢಭಾಷೆಗೆ ಕಾಯುತ್ತಾರೆ, ಇನ್ನೊಂದು ಕಡೆಯವರು ಸಾದಾ ಮಾತಿಗೆ ಕಾಯುತ್ತಾರೆ. ಇಬ್ಬರೂ ಸುಮ್ಮನೆ ಕೂತು ಕೊನೆಗೆ ‘ಟೈಮ್ಡ್ ಔಟ್’. ಯೂಸರ್‌ನೇಮ್ ಜಾಗದಲ್ಲಿ ಪೂರ್ತಿ ವಿಳಾಸ ಬೇಕು. @ಗಿಂತ ಮುಂಚಿನ ಭಾಗವನ್ನು ಮಾತ್ರ ಕೊಟ್ಟರೆ ಹೆಚ್ಚಿನ ಹೋಸ್ಟಿಂಗ್‌ಗಳಲ್ಲಿ ನಡೆಯುವುದಿಲ್ಲ.

ಮೇಲ್ ಹೋಗುತ್ತದೆ ಎಂಬುದರಿಂದ ಬರುವುದರ ಬಗ್ಗೆ ಏನೂ ತಿಳಿಯುವುದಿಲ್ಲ. ಕಳಿಸುವ ಸರ್ವರ್ ಬೇರೆ, ತರಿಸುವ ಸರ್ವರ್ ಬೇರೆ. ಸೆಟ್ಟಿಂಗ್‌ಗಳೂ ಬೇರೆ ಪುಟದಲ್ಲಿರುತ್ತವೆ. ಲೈನ್‌ನವರು ತಡೆಯುತ್ತಾರೆ ಎಂಬ ಮಾತು ಹುಟ್ಟಿದ್ದೂ ಇಲ್ಲಿಯೇ. ಸ್ಪ್ಯಾಮ್ ನಿಲ್ಲಿಸಲು ಎಷ್ಟೋ ಸೇವಾದಾರರು ಕಳಿಸುವ 25ನೇ ಪೋರ್ಟ್ ಮುಚ್ಚಿರುತ್ತಾರೆ, ಅದು ನಿಜ. ತರಿಸುವ 995, 993ಕ್ಕೆ ಸಾಮಾನ್ಯವಾಗಿ ಯಾರೂ ಕೈ ಹಚ್ಚುವುದಿಲ್ಲ. ಅನುಮಾನವಿದ್ದರೆ ಮೊಬೈಲ್ ಹಾಟ್‌ಸ್ಪಾಟ್‌ಗೆ ಕಂಪ್ಯೂಟರ್ ಜೋಡಿಸಿ ನೋಡಿ, ಎರಡು ನಿಮಿಷದ ಕೆಲಸ. ಹಾಟ್‌ಸ್ಪಾಟ್‌ನಲ್ಲಿ ನಡೆದು ಅಂಗಡಿ ಲೈನ್‌ನಲ್ಲಿ ನಡೆಯದಿದ್ದರೂ ಲೈನ್‌ನವರನ್ನು ಬೈಯುವ ಮುಂಚೆ ಹೋಸ್ಟಿಂಗ್‌ನವರನ್ನು ಕೇಳಿ: ತಪ್ಪು ಪಾಸ್‌ವರ್ಡ್‌ನಿಂದ ಸತತ ಪ್ರಯತ್ನ ನಡೆದರೆ ಅವರ ಸರ್ವರ್ ನಿಮ್ಮ ಐಪಿ ವಿಳಾಸವನ್ನೇ (ಇಂಟರ್ನೆಟ್‌ನಲ್ಲಿ ನಿಮ್ಮ ಲೈನ್‌ನ ಗುರುತು ಸಂಖ್ಯೆ) ಕೆಲಕಾಲ ಬಹಿಷ್ಕರಿಸುತ್ತದೆ. ಪಾಸ್‌ವರ್ಡ್ ಬದಲಿಸಿ, ಮೂಲೆಯ ಯಾವುದೋ ಮೊಬೈಲ್‌ನಲ್ಲಿ ಹಳೆಯದನ್ನೇ ಬಿಟ್ಟವರಿಗೆ ಇದು ಆಗುತ್ತದೆ.

ಪರೀಕ್ಷೆಯಲ್ಲಿ ಮೇಲ್ ಬಂತು ಎಂದಿಟ್ಟುಕೊಳ್ಳೋಣ. ಮುಂದೆ ಮೂರು ದಾರಿ. ಸುಲಭದ್ದೆಂದರೆ ಹಳೆಯದರಲ್ಲಿ ಔಟ್‌ಲುಕ್ ತೆರೆಯುವುದನ್ನೇ ನಿಲ್ಲಿಸುವುದು. ಆದರೆ ಒಳಕೋಣೆಯಲ್ಲಿ ಕೂರುವವರು ರೂಢಿಯ ಮೇಲೆ ಒಂದು ದಿನ ತೆರೆದರೆ ಅಂದಿನ ಮೇಲ್ ಆ ಕಡೆ ಹೋಯಿತು. ಎರಡನೆಯದು, ಅವರಿಗೂ ಮೇಲ್ ಬೇಕಿದ್ದರೆ: ಔಟ್‌ಲುಕ್‌ನ ಟೂಲ್ಸ್ ಮೆನುವಿನಲ್ಲಿ ಅಕೌಂಟ್ ಸೆಟ್ಟಿಂಗ್ಸ್, ಆ ವಿಳಾಸ ಆರಿಸಿ ‘ಚೇಂಜ್’, ‘ಮೋರ್ ಸೆಟ್ಟಿಂಗ್ಸ್’, ‘ಅಡ್ವಾನ್ಸ್ಡ್’ ಪುಟ. ಅಲ್ಲಿ ಕೆಳಗೆ ಸರ್ವರ್‌ನಲ್ಲಿ ಪ್ರತಿ ಬಿಡಬೇಕೇ ಎಂಬ ಚೌಕವಿದೆ, ಟಿಕ್ ಮಾಡಿ. ಇಷ್ಟು ದಿನದ ಮೇಲೆ ತೆಗೆ ಎಂಬಲ್ಲಿ 14 ಕೊಡಿ. ಥಂಡರ್‌ಬರ್ಡ್‌ನ ಸರ್ವರ್ ಸೆಟ್ಟಿಂಗ್ಸ್‌ನಲ್ಲೂ 14 ದಿನವೇ ಇರಲಿ. ದಿನದ ಮಿತಿ ಹಾಕದೆ ಬಿಟ್ಟರೆ ಹೋಸ್ಟಿಂಗ್‌ನವರು ಕೊಟ್ಟ ಜಾಗ ತುಂಬುತ್ತದೆ. ತುಂಬಿದಾಗ ನಿಮಗೆ ಗೊತ್ತೇ ಆಗದಿರಬಹುದು. ಮೇಲ್ ಹಾಕಿದ ಕೊಯಮತ್ತೂರಿನವರಿಗೆ ‘ಮೇಲ್‌ಬಾಕ್ಸ್ ಫುಲ್’ ಎಂದು ವಾಪಸ್ ಹೋಗುತ್ತದೆ, ಅವರು ನೀವು ಉತ್ತರಿಸುತ್ತಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ.

ಮೂರನೆಯದು ಪಾಪ್ ಬದಲು ಇಮ್ಯಾಪ್ ಎಂಬ ಪದ್ಧತಿ. ಎರಡು ಕಂಪ್ಯೂಟರ್, ಒಂದು ಮೊಬೈಲ್ ಇರುವ ಅಂಗಡಿಗೆ ನಾನು ಹೇಳುವುದು ಇದನ್ನೇ. ಮೇಲ್ ಸರ್ವರ್‌ನಲ್ಲೇ ಇರುತ್ತದೆ, ಎಲ್ಲರಿಗೂ ಒಂದೇ ಇನ್‌ಬಾಕ್ಸ್ ಕಾಣುತ್ತದೆ, ಒಬ್ಬರು ಓದಿದ್ದು ಇನ್ನೊಬ್ಬರಿಗೂ ಓದಿದಂತೆ ಕಾಣುತ್ತದೆ. ಇದರ ಅಪಾಯವೂ ಅಲ್ಲೇ ಇದೆ: ಹುಡುಗ ಮೊಬೈಲ್‌ನಲ್ಲಿ ಅಳಿಸಿದ್ದು ಎಲ್ಲ ಕಡೆಯೂ ಅಳಿಯಿತು. ಥಂಡರ್‌ಬರ್ಡ್‌ನಲ್ಲಿ ಪಾಪ್ ಖಾತೆಯನ್ನು ಇಮ್ಯಾಪ್‌ಗೆ ತಿರುಗಿಸಲು ಬರುವುದಿಲ್ಲ, ಅದೇ ವಿಳಾಸವನ್ನು ಹೊಸದಾಗಿ ಸೇರಿಸಬೇಕು: ಪೋರ್ಟ್ 993, ಎಸ್‌ಎಸ್‌ಎಲ್/ಟಿಎಲ್‌ಎಸ್. ಆಮೇಲೆ ಪಾಪ್ ಖಾತೆಯಲ್ಲಿ ‘ಶುರುವಾದಾಗ ನೋಡು’, ‘10 ನಿಮಿಷಕ್ಕೊಮ್ಮೆ ನೋಡು’ ಎಂಬ ಎರಡೂ ಟಿಕ್ ತೆಗೆಯಿರಿ. ಪಾಪ್ ಖಾತೆಯನ್ನು ರಿಮೂವ್ ಮಾಡುವ ಅವಸರ ಬೇಡ. ಮಾಡುವಾಗ ‘ಮೆಸೇಜ್ ಡೇಟಾ’ವನ್ನೂ ತೆಗೆಯಲೇ ಎಂದು ಕೇಳುತ್ತದೆ, ಆ ಟಿಕ್ ಹಾಕಿದರೆ ಇಳಿಸಿಕೊಂಡ ಮೇಲ್‌ಗಳೂ ಹೋಗುತ್ತವೆ. ಮತ್ತು ಹಳೆ ಔಟ್‌ಲುಕ್ ನಿಲ್ಲಿಸದೆ ಇಮ್ಯಾಪ್ ಶುರು ಮಾಡಬೇಡಿ. ಇನ್‌ಬಾಕ್ಸ್‌ನಲ್ಲಿ ಕಂಡ ಮೇಲ್ ಕಣ್ಣೆದುರೇ ಮಾಯವಾಗುತ್ತದೆ, ದೆವ್ವ ಹೊಕ್ಕಿದೆ ಎನ್ನಿಸುತ್ತದೆ.

ಪಾಪ್‌ನಲ್ಲೇ ಉಳಿದರೆ ಇನ್ನೊಂದು ಆಟ ಕಾಣಬಹುದು: 212ರಲ್ಲಿ 37ನೆಯದಕ್ಕೆ ಬಂದು ನಿಲ್ಲುತ್ತದೆ, ಪ್ರತಿ ಸಲ ಅದೇ 37. ಯಾರೋ ದೊಡ್ಡ ಕ್ಯಾಟಲಾಗ್ ಅಂಟಿಸಿ ಕಳಿಸಿದ ಮೇಲ್ ಅಲ್ಲಿ ಸಿಕ್ಕಿಕೊಂಡಿರುತ್ತದೆ, ಹಿಂದಿನವೆಲ್ಲ ಸಾಲಿನಲ್ಲಿ ನಿಂತಿರುತ್ತವೆ. ವೆಬ್‌ಮೇಲ್‌ಗೆ ಹೋಗಿ ಆ ಒಂದನ್ನು ಬೇರೆ ಫೋಲ್ಡರ್‌ಗೆ ಸರಿಸಿ. ಪಾಪ್ ಇನ್‌ಬಾಕ್ಸ್ ಬಿಟ್ಟು ಬೇರೆ ಫೋಲ್ಡರ್ ನೋಡುವುದೇ ಇಲ್ಲ.

ಈಗ ಬೆಳಗಿನ ಸರ್ಟಿಫಿಕೇಟ್. ‘ಅರ್ಧ ಗಂಟೆಯಾದರೆ ತಾನೇ ಸುಮ್ಮನಾಗುತ್ತದೆ’ ಎಂದು ಬರೆದಿದ್ದೀರಲ್ಲ, ಗುಟ್ಟು ಅಲ್ಲಿದೆ. ನಾಳೆ ಸಿಸ್ಟಮ್ ಹಚ್ಚಿದ ಕೂಡಲೇ, ಬೇರೇನೂ ಮಾಡದೆ, ಬಲಗಡೆ ಕೆಳಗಿನ ಮೂಲೆಯ ದಿನಾಂಕ ನೋಡಿ. ನಾಲ್ಕೈದು ವರ್ಷ ಹಿಂದಿನ ಯಾವುದಾದರೂ ಜನವರಿ 1 ಕಂಡರೆ ಮದರ್‌ಬೋರ್ಡ್ ಮೇಲಿನ ಸಿಆರ್2032 ಸೆಲ್ ಸತ್ತಿದೆ. ಸರ್ಟಿಫಿಕೇಟ್ ಎಂದರೆ ಸರ್ವರ್‌ನ ಗುರುತಿನ ಚೀಟಿ, ಅದಕ್ಕೆ ‘ಈ ದಿನದಿಂದ ಈ ದಿನದವರೆಗೆ’ ಎಂಬ ಅವಧಿ ಇರುತ್ತದೆ. ನಿಮ್ಮ ಕಂಪ್ಯೂಟರ್ ಹಿಂದಿನ ಕಾಲದಲ್ಲಿ ಕೂತಿದ್ದರೆ ಅದರ ಲೆಕ್ಕಕ್ಕೆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಇಂಟರ್ನೆಟ್‌ನಿಂದ ವಿಂಡೋಸ್ ಸಮಯ ಸರಿಮಾಡಿಕೊಂಡ ಮೇಲೆ ಎಲ್ಲ ಸರಿ. ರಾತ್ರಿ ಮೇನ್ ಸ್ವಿಚ್ ಇಳಿಸಿ ಶಟರ್ ಎಳೆಯುವ ಅಂಗಡಿಗಳಲ್ಲಿ ಇದು ಬೇಗ ಕಾಣುತ್ತದೆ, ಏಕೆಂದರೆ ಪ್ಲಗ್‌ನಿಂದ ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಆ ಸೆಲ್ ಒಂದೇ.

ಸೆಲ್‌ನ ಅಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, 3 ವೋಲ್ಟ್. ವಾಚ್ ಅಂಗಡಿಯಲ್ಲೂ ಸಿಗುತ್ತದೆ, ಬೆಲೆ ಒಂದು ಸಂಜೆಯ ಮಂಡಕ್ಕಿ ಮಿರ್ಚಿಯಷ್ಟು. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ ಇಳಿಸಿ, ಪಕ್ಕದ ತಗಡು ತೆಗೆಯಿರಿ. ಅಂಚಿನ ಚಿಕ್ಕ ಕೊಂಡಿಯನ್ನು ಉಗುರಿನಿಂದ ತಳ್ಳಿದರೆ ಸೆಲ್ ಮೇಲೇಳುತ್ತದೆ. ಅಕ್ಷರ ಬರೆದಿರುವ ‘+’ ಬದಿ ಮೇಲೆ ಬರುವಂತೆ ಹೊಸದನ್ನು ಒತ್ತಿ, ದಿನಾಂಕ ಒಮ್ಮೆ ಸರಿಪಡಿಸಿ. ಇಷ್ಟು ದಿನ ಬೆಳಿಗ್ಗೆ ಎದ್ದ ಕೂಡಲೇ ನೀವು ಕಳಿಸಿದ ಮೇಲ್‌ಗಳಿಗೆ ಆ ಹಳೆ ತಾರೀಖೇ ಬಿದ್ದಿರಬಹುದು, ಕೆಲವು ಗಿರಾಕಿಗಳ ಇನ್‌ಬಾಕ್ಸ್‌ನ ತಳದಲ್ಲಿ ಹೋಗಿ ಕೂತಿರಲೂ ಸಾಕು. ಕೊಟೇಶನ್‌ಗೆ ಉತ್ತರ ಬಾರದವರಿಗೆ ಒಂದು ಫೋನ್ ಮಾಡಿಬಿಡಿ.

ದಿನಾಂಕ ಸರಿ ಇದ್ದೂ ಕಿಟಕಿ ಬಂದರೆ ‘ಕನ್ಫರ್ಮ್ ಸೆಕ್ಯುರಿಟಿ ಎಕ್ಸೆಪ್ಶನ್’ ಒತ್ತುವ ಮುಂಚೆ ‘ವ್ಯೂ’ ಒತ್ತಿ ಓದಿ. ಹೆಸರು ಹೊಂದುತ್ತಿಲ್ಲ ಎಂದಿದ್ದು, ಸರ್ಟಿಫಿಕೇಟ್ ಹೋಸ್ಟಿಂಗ್ ಕಂಪನಿಯ ಸರ್ವರ್ ಹೆಸರಿನಲ್ಲಿದ್ದರೆ ಹೆದರಬೇಕಿಲ್ಲ. ಅದು ನಿಜಕ್ಕೂ ಅವರ ಸರ್ವರ್ ಹೆಸರೇ ಎಂದು ಕೇಳಿಕೊಂಡು, ಸರ್ವರ್‌ನೇಮ್ ಜಾಗದಲ್ಲಿ ಅದನ್ನೇ ಬರೆದರೆ ಮುಗಿಯಿತು. ಕೊಟ್ಟವರು ಯಾರೆಂದು ಗೊತ್ತಿಲ್ಲ ಎಂದಿದ್ದು, ಅಲ್ಲಿ ನಿಮ್ಮ ಆ್ಯಂಟಿವೈರಸ್ ಹೆಸರು ಕಂಡರೆ, ಅದು ಮೇಲ್ ಸೋಸಲೆಂದು ನಡುವೆ ನಿಂತು ತನ್ನದೇ ಸರ್ಟಿಫಿಕೇಟ್ ಕೊಡುತ್ತಿದೆ. ಆ್ಯಂಟಿವೈರಸ್ ಪೂರ್ತಿ ತೆಗೆಯಬೇಡಿ, ಅದರ ‘ಇಮೇಲ್ ಪ್ರೊಟೆಕ್ಷನ್’ನಲ್ಲಿ ಎಸ್‌ಎಸ್‌ಎಲ್ ಸ್ಕ್ಯಾನಿಂಗ್ ಮಾತ್ರ ಆಫ್ ಮಾಡಿ. ಇವೆರಡೂ ಅಲ್ಲದ ಹೆಸರಿದ್ದರೆ ಒಪ್ಪಬೇಡಿ. ಒಪ್ಪಿದರೆ ಪಾಸ್‌ವರ್ಡ್ ಯಾರ ಕೈಗೆ ಹೋಗುತ್ತಿದೆ ಎಂಬುದು ನಿಮಗೆ ತಿಳಿಯದು.

ಅಣ್ಣನ ಮಗನ ಸಲಹೆಗೆ ಮೂಲವಿದೆ, ನಿಮ್ಮ ತೊಂದರೆಗೆ ಮಾತ್ರ ಅದು ಮದ್ದಲ್ಲ. ಥಂಡರ್‌ಬರ್ಡ್‌ನ ಕಾನ್ಫಿಗ್ ಎಡಿಟರ್‌ನಲ್ಲಿ, ಅಂದರೆ ಒಳ ಸೆಟ್ಟಿಂಗ್‌ಗಳ ಪಟ್ಟಿಯಲ್ಲಿ, 3 ಎಂದರೆ ಟಿಎಲ್‌ಎಸ್ 1.2, 1 ಎಂದರೆ 1999ರ ಟಿಎಲ್‌ಎಸ್ 1.0. 2020ರಲ್ಲಿ ಬಂದ 78ನೇ ಆವೃತ್ತಿಯಿಂದ ಹಳೆಯವನ್ನು ಥಂಡರ್‌ಬರ್ಡ್ ಒಪ್ಪುವುದಿಲ್ಲ. ಅಪ್‌ಡೇಟ್ ಕಾಣದ ಸರ್ವರ್‌ಗಳ ಜತೆ ಅದರಿಂದ ತೊಡಕಾಗುವುದುಂಟು. ನಿಮ್ಮ ಸರ್ವರ್ ಹಾಗಿದ್ದರೆ ಮಧ್ಯಾಹ್ನವೂ ಸಂಪರ್ಕ ಆಗುತ್ತಿರಲಿಲ್ಲ, ‘ಹೊಸ ಮೆಸೇಜ್ ಇಲ್ಲ’ ಎಂಬ ಉತ್ತರವೇ ಬರುತ್ತಿರಲಿಲ್ಲ. ಆ ಸಂಖ್ಯೆ ಇಳಿಸಿದರೆ ಒಂದು ಖಾತೆಗಲ್ಲ, ಎಲ್ಲ ಖಾತೆಗಳಿಗೂ ಬಾಗಿಲು ಸಡಿಲವಾಗುತ್ತದೆ. 3 ಇರಲಿ ಬಿಡಿ.

ಜಿಮೇಲ್‌ಗೆ ಬರೋಣ. ಬರೀ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಒಳಬರುವ ಪ್ರೋಗ್ರಾಂಗಳನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿತು. ನಿಮ್ಮ ಔಟ್‌ಲುಕ್ 2007 ನಿಂತದ್ದು ಅದಕ್ಕೆ. ಗೂಗಲ್‌ನದೇ ಪುಟದಲ್ಲಿ ಲಾಗಿನ್ ಆಗುವ ಹೊಸ ದಾರಿ ಥಂಡರ್‌ಬರ್ಡ್‌ಗೆ ಗೊತ್ತಿದೆ, ಅದರ ಹೆಸರು ‘ಓಆಥ್2’. ಆದರೆ ಹಳೆಯದನ್ನು ನೋಡಿಕೊಂಡು ಕೈಯಿಂದ ಸೆಟ್ಟಿಂಗ್ ತುಂಬಿಸಿದವರು ಅಲ್ಲೂ ‘ನಾರ್ಮಲ್ ಪಾಸ್‌ವರ್ಡ್’ ಎಂದೇ ಬಿಟ್ಟಿರುತ್ತಾರೆ. ಜಿಮೇಲನ್ನು ಇಮ್ಯಾಪ್ ಆಗಿ ಸೇರಿಸಿ, ‘ಅಥೆಂಟಿಕೇಶನ್ ಮೆಥಡ್’ನಲ್ಲಿ ‘ಓಆಥ್2’ ಆರಿಸಿ, ಪ್ರೈವೆಸಿ ಪುಟದ ‘ಸೇವ್ಡ್ ಪಾಸ್‌ವರ್ಡ್ಸ್’ನಿಂದ ಹಳೆಯದನ್ನು ಅಳಿಸಿ. ಮೇಲ್ ತರಿಸಿದಾಗ ಗೂಗಲ್‌ನದೇ ಲಾಗಿನ್ ಪುಟ ತೆರೆಯುತ್ತದೆ, ಅಲ್ಲಿ ಒಪ್ಪಿಗೆ ಕೊಟ್ಟರೆ ಆಯಿತು. ಆ ಪುಟ ಬಿಳಿಯಾಗಿ ನಿಂತರೆ ಅಥವಾ ಸುತ್ತು ಹಾಕುತ್ತಿದ್ದರೆ ಥಂಡರ್‌ಬರ್ಡ್ ಸೆಟ್ಟಿಂಗ್ಸ್‌ನಲ್ಲಿ ಕುಕೀಸ್‌ಗೆ ಅನುಮತಿ ಕೊಡಿ. ಕಳಿಸುವ ಸರ್ವರ್‌ಗೂ ಓಆಥ್2 ಹಾಕಲು ಮರೆಯಬೇಡಿ.

ಹದಿನಾರು ಅಕ್ಷರದ ‘ಆ್ಯಪ್ ಪಾಸ್‌ವರ್ಡ್’ ಎಂಬ ಇನ್ನೊಂದು ದಾರಿ ಇದೆ, ಎರಡು ಹಂತದ ದೃಢೀಕರಣ ಹಾಕಿದವರಿಗೆ ಮಾತ್ರ ಸಿಗುತ್ತದೆ. ಅದು ಗೊತ್ತಾದವರು ಒಟಿಪಿ ಇಲ್ಲದೆ ಮೇಲ್ ಓದಬಹುದು. ಮಾನಿಟರ್ ಅಂಚಿಗೆ ಚೀಟಿ ಅಂಟಿಸುವ ರೂಢಿ ಇರುವ ಅಂಗಡಿಗೆ ಅದು ಬೇಡ. ಜಿಮೇಲನ್ನು ಪಾಪ್‌ನಲ್ಲಿ ಹಾಕಿಕೊಳ್ಳುವುದೂ ಬೇಡ: ಒಮ್ಮೆ ಇಳಿಸಿ ಕೊಟ್ಟ ಮೇಲ್‌ಗಳನ್ನು ಗೂಗಲ್ ಇನ್ನೊಂದು ಪ್ರೋಗ್ರಾಂಗೆ ತಾನಾಗಿ ಮತ್ತೆ ಕೊಡುವುದಿಲ್ಲ, ಹಳೆಯವು ಬರಲಿಲ್ಲ ಎಂದು ಇನ್ನೊಂದು ಪತ್ರ ಬರೆಯಬೇಕಾಗುತ್ತದೆ.

ಹಳೆ ಮೇಲ್‌ಗಳನ್ನು ಹೊಸದಕ್ಕೆ ತರುವುದು ತಾಳ್ಮೆಯ ಕೆಲಸ. ಪಿಎಸ್‌ಟಿ ಫೈಲನ್ನು ಥಂಡರ್‌ಬರ್ಡ್ ತಾನಾಗಿ ಓದಲಾರದು, ಅದೇ ಕಂಪ್ಯೂಟರ್‌ನಲ್ಲಿ ಔಟ್‌ಲುಕ್ ಇರಬೇಕು. ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಒಳಕೋಣೆಯಲ್ಲಿ. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಥಂಡರ್‌ಬರ್ಡ್ 115. ಅದರ 32 ಬಿಟ್ ಪ್ರತಿಯನ್ನೇ ಇಳಿಸಿಕೊಳ್ಳಿ, ಔಟ್‌ಲುಕ್ 2007 ಇರುವುದೇ 32 ಬಿಟ್‌ನಲ್ಲಿ. 64 ಹಾಕಿದರೆ ಎರಡಕ್ಕೂ ಮಾತೇ ಆಗುವುದಿಲ್ಲ. ಖಾತೆ ಸೇರಿಸುವ ಪುಟ ಬಂದರೆ ರದ್ದು ಮಾಡಿ. ಔಟ್‌ಲುಕ್ ಡೀಫಾಲ್ಟ್ ಮೇಲ್ ಪ್ರೋಗ್ರಾಂ ಆಗಿರಲಿ. ಟೂಲ್ಸ್ ಮೆನುವಿನ ಇಂಪೋರ್ಟ್ ಒತ್ತಿ, ಔಟ್‌ಲುಕ್ ಆರಿಸಿ, ಸಂಜೆ ಹಚ್ಚಿ ಬಿಟ್ಟು ಹೋಗಿ. ಅಂದು ಒಂದು ರಾತ್ರಿ ಮೇನ್ ಸ್ವಿಚ್ ಇಳಿಸಬೇಡಿ.

ಬೆಳಿಗ್ಗೆ ‘ಲೋಕಲ್ ಫೋಲ್ಡರ್ಸ್’ ಕೆಳಗೆ ಔಟ್‌ಲುಕ್ ಹೆಸರಿನ ಫೋಲ್ಡರ್ ಇರುತ್ತದೆ. ಔಟ್‌ಲುಕ್‌ನ ಇನ್‌ಬಾಕ್ಸ್‌ನಲ್ಲಿ ಎಷ್ಟಿವೆ, ಇಲ್ಲಿ ಎಷ್ಟಿವೆ ಎಂದು ಎಣಿಕೆ ತಾಳೆ ನೋಡಿ. ಹೆಲ್ಪ್ ಮೆನುವಿನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ನಿಂದ ಪ್ರೊಫೈಲ್ ಫೋಲ್ಡರ್ ತೆರೆದು, ಥಂಡರ್‌ಬರ್ಡ್ ಮುಚ್ಚಿ, ‘ಮೇಲ್’ ಒಳಗಿನ ‘ಲೋಕಲ್ ಫೋಲ್ಡರ್ಸ್’ನಿಂದ ಆ ಹೆಸರಿನ ಫೈಲ್ ಮತ್ತು ಅದೇ ಹೆಸರಿನ ಎಸ್‌ಬಿಡಿ ಫೋಲ್ಡರ್ ಎರಡನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಹೊಸ ಕಂಪ್ಯೂಟರ್‌ನಲ್ಲೂ ಥಂಡರ್‌ಬರ್ಡ್ ಮುಚ್ಚಿದಾಗ ಅದೇ ಜಾಗಕ್ಕೆ ಅಂಟಿಸಿ. ಎಂಎಸ್‌ಎಫ್ ಎಂದು ಕೊನೆಯಾಗುವವು ಬರೀ ಸೂಚಿ, ಬಿಟ್ಟರೂ ಅದು ಮತ್ತೆ ಕಟ್ಟಿಕೊಳ್ಳುತ್ತದೆ.

ತೆರೆದಾಗ ಹಳೆ ಕನ್ನಡ ಮೇಲ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ತಲೆಗೆ ಗೀರು, ಬಾಲ ಸೇರಿ ಗೋಜಲು ಕಂಡರೆ ಗಾಬರಿ ಬೇಡ, ಫೈಲ್ ಕೆಟ್ಟಿಲ್ಲ. ಅವು ಯೂನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಬರೆದವು, ಆ ಫಾಂಟ್ ಹೊಸ ಕಂಪ್ಯೂಟರ್‌ನಲ್ಲಿಲ್ಲ ಅಷ್ಟೇ. ಹಳೆಯದರ ಫಾಂಟ್ಸ್ ಫೋಲ್ಡರ್‌ನಿಂದ ಅವನ್ನೂ ತಂದು ಹಾಕಿ, ಥಂಡರ್‌ಬರ್ಡ್‌ನ ಫಾಂಟ್ ಸೆಟ್ಟಿಂಗ್‌ನ ‘ಅಡ್ವಾನ್ಸ್ಡ್’ನಲ್ಲಿ ಮೆಸೇಜ್‌ಗಳಿಗೆ ತಮ್ಮದೇ ಫಾಂಟ್ ಬಳಸಲು ಬಿಡಿ. ಇಷ್ಟೆಲ್ಲ ಆಗಿ ಒಂದು ತಿಂಗಳು ನಡೆದ ಮೇಲೆ, ಪಿಎಸ್‌ಟಿಯ ಎರಡು ಪ್ರತಿ ಎರಡು ಬೇರೆ ಡ್ರೈವ್‌ನಲ್ಲಿದ್ದರೆ, ಟ್ಯಾಲಿ ಡೇಟಾ ಕೂಡ ತೆಗೆದುಕೊಂಡು ಆ ಹಳೆ ಸಿಸ್ಟಮ್ ಎಕ್ಸ್‌ಚೇಂಜ್‌ಗೆ ಕೊಡಿ, ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿ ಇಟ್ಟುಕೊಂಡು.